ಡೆಲ್ಲಾ ಹೇಳಿದ ನಿಜ

ಗುರುವಾರದ ದನದ ಹರಾಜಿಗೆ ಇನ್ನೂ ಒಂದು ತಾಸಿತ್ತು. ಹರಾಜಿನ ಕಟ್ಟಡದ ಮೂಲೆಯ ಕೆಫೆಯಲ್ಲಿ, ದನ ಸಾಗಿಸುವ ಟ್ರಕ್ಕಿನ ಮರ್ಲ್ ಆಗಲೇ ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ನಿಲ್ಲಿಸಿ, ಅದರ ಮುಂದೆ ಕೆಚಪ್ ಬಾಟಲಿಯನ್ನು ಕಾವಲಿಗಿಟ್ಟಿದ್ದ.

"ಈ ಉಪ್ಪು ಚೆಂಡು ಎಸೆಯೋನು. ಈ ಕೆಚಪ್ಪು ಅವನನ್ನ ಕಾಯೋ ಗೂಳಿ, ಮುನ್ನೂರು ಪೌಂಡು. ಈಗ ಹೇಳಿ ಕೋಚ್, ನಿಮ್ಮ ವೇಡ್ ಇದನ್ನ ದಾಟಿ ಉಪ್ಪನ್ನ ಕೆಡವೋದು ಹೇಗೆ? ಅವನ ತೋಳು ಮೂವತ್ತೆರಡು ಇಂಚೂ ಇಲ್ಲ. ಕೆಚಪ್ಪು ಒಂದು ಸಲ ಕೈ ಚಾಚಿ ಎದೆಗೆ ಹಾಕ್ತು ಅಂದ್ರೆ ಮುಗೀತು."

ಆರ್ಲೋ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಅಮೆರಿಕನ್ ಫುಟ್‌ಬಾಲ್ ಕಲಿಸಿ ನಿವೃತ್ತನಾದವನು. ವೇಡ್ ಟೋರ್ಸನ್‌ಗೆ ಮೊದಲ ಹೆಲ್ಮೆಟ್ ತೊಡಿಸಿದ್ದು ಅವನೇ. ಅವನು ಮೆಣಸಿನ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಕೆಚಪ್ಪಿನ ಭುಜ ಸವರಿಕೊಂಡು ಸರ್ರನೆ ಜಾರಿಸಿದ. ಉಪ್ಪು ಉರುಳಿತು.

"ತೋಳಲ್ಲಪ್ಪ, ಮೊದಲ ಹೆಜ್ಜೆ. ಕೆಚಪ್ಪು ಕೈ ಎತ್ತೋ ಹೊತ್ತಿಗೆ ಹುಡುಗ ಪಕ್ಕದಿಂದ ದಾಟಿಹೋಗಿರ್ತಾನೆ. ಹೋದ ವರ್ಷ ಹದಿನಾಲ್ಕು ಸಲ ಕೆಡವಿದಾನೆ."

"ಯಾರನ್ನ? ಸಣ್ಣ ಕಾಲೇಜುಗಳ ನರಪೇತಲಗಳನ್ನ. ನಾನೂ ನಮ್ಮ ಬೇಲಿಯೊಳಗೆ ಕುರಿ ಕೆಡವ್ತೀನಿ."

"ನೀನು ಕುರ್ಚಿಯಿಂದ ಏಳು ಮೊದಲು."

ಉಪ್ಪು ಒರೆಸಲು ಬಟ್ಟೆ ಹಿಡಿದು ಬಂದ ಕೆಫೆಯ ಪರಿಚಾರಿಕೆ ಡೆಲ್ಲಾ ಹ್ರೂಬಿ ನಗು ತಡೆದುಕೊಂಡಳು. "ಚೆಲ್ಲೋದು ನೀವು, ಒರೆಸೋದು ನಾನು. ಅವನನ್ನ ಯಾರಾದ್ರೂ ಆರಿಸ್ಕೊಳ್ಳೋವರೆಗೆ ಎಷ್ಟು ಉಪ್ಪು ಬೇಕಾಗುತ್ತೋ!"

"ಎರಡನೇ ಸುತ್ತು, ಮಗಳೇ. ಬರೆದಿಟ್ಕೋ," ಎಂದ ಆರ್ಲೋ.

"ಐದು. ಅದೂ ದೇವರು ಕಣ್ಣು ಬಿಟ್ರೆ," ಎಂದ ಮರ್ಲ್. ಏಪ್ರಿಲ್ ಕೊನೆಗೆ ವೃತ್ತಿ ತಂಡಗಳು ಕಾಲೇಜಿನ ಆಟಗಾರರನ್ನು ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತಿದ್ದವು.

"ಆರಿಸೋರು ನೀವಿಬ್ಬರು ಅಲ್ಲ, ನನ್ನ ಪುಣ್ಯ," ಎಂಬ ದನಿ ಬಾಗಿಲಲ್ಲಿ ಕೇಳಿತು.

ಟೋಪಿಯ ಮೇಲೆ ಮಾರ್ಚಿನ ಹಿಮ, ಪ್ಯಾಂಟಿನ ಮೊಣಕಾಲಲ್ಲಿ ಕರು ಹಾಕಿಸಿದ ಕಲೆ. ಬಾಗಿಲಿಗಿಂತ ಎರಡೇ ಬೆರಳು ಗಿಡ್ಡ. ಕಾಲೇಜಿನಿಂದ ಐದು ತಾಸು ಗಾಡಿ ಓಡಿಸಿಕೊಂಡು ಬಂದು, ಮನೆಯೊಳಗೂ ಕಾಲಿಡದೆ ಸೀದಾ ಕೊಟ್ಟಿಗೆಗೆ ಹೋಗಿದ್ದಾನೆಂದು ಡೆಲ್ಲಾಗೆ ನೋಡಿದೊಡನೆ ತಿಳಿಯಿತು. ವೇಡ್ ಕೌಂಟರಿನ ತುದಿಯ ಸ್ಟೂಲಿಗೆ ನಡೆದ. ಅದು ಅವಳು ಕಾಫಿ ಸೋಸುವ ಜಾಗಕ್ಕೆ ತೀರ ಹತ್ತಿರದ್ದು.

"ಏಳಕ್ಕೆ ಮತ್ತೆ ಅಡ್ಡಗೆರೆ ಎಳೆದಿದ್ದೀಯ," ಎಂದ ಮೆಲ್ಲಗೆ.

ಪ್ರತಿ ವರ್ಷ ಅವನ ಹಸುಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಗಳ ಮೇಲೆ ನಂಬರು ಬರೆಯುತ್ತಿದ್ದವಳು ಅವಳು. ಏಳರ ನಡುವಿಗೆ ಗೆರೆ ಎಳೆಯುವುದನ್ನು ಚೆಕ್ ದೇಶದಿಂದ ಬಂದ ಅಜ್ಜಿಯಿಂದ ಕಲಿತಿದ್ದಳು.

"ಹಸು ಏನಾದ್ರೂ ಬೇಜಾರು ಮಾಡ್ಕೊಂಡ್ತಾ?"

"ಬೇರೆ ಹಸುಗಳು ಕೇಳ್ತಿವೆ, ನಿನಗ್ಯಾಕಮ್ಮ ಇಷ್ಟು ವೈಯಾರ ಅಂತ."

ಅವಳು ಕಪ್ಪು ಇಟ್ಟಳು. ಅವನು ಕಪ್ಪಿನ ಬದಲು ಅವಳ ಮಣಿಕಟ್ಟು ನೋಡಿದ, ಆಮೇಲೆ ಮುಖ, ಆಮೇಲೆ ತಟ್ಟನೆ ಕಿಟಕಿ. ಕಿವಿಯ ತುದಿ ಕೆಂಪಾಗಿತ್ತು. ಎದುರಾಳಿಗಳು ಹೆದರುವ ಆಳು ಹೀಗೆ ಕೆಂಪಾಗುವುದನ್ನು ತಾನೊಬ್ಬಳೇ ಬಲ್ಲೆ ಎಂಬ ಜಂಬ ಡೆಲ್ಲಾಗೆ ಮೂರು ವರ್ಷದಿಂದ ಇತ್ತು. ಮೂರು ವರ್ಷದಿಂದ ಅವನು ಏನನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಉತ್ತರದ ಹುಲ್ಲುಗಾವಲಲ್ಲಿ ಮನೆ ಕಟ್ಟಬಹುದಾದ ಗುಡ್ಡ ತೋರಿಸಿದ್ದ, ಅಷ್ಟೆ.

"ಏಪ್ರಿಲ್ ಆದ್ಮೇಲೆ?" ಎಂದಳು.

"ಏಪ್ರಿಲ್ ಆಗ್ಲಿ," ಎಂದ. ಈಚೆಗೆ ಎಲ್ಲಕ್ಕೂ ಅವನ ಉತ್ತರ ಅದೇ. ಅದರೊಳಗೆ ತಾನಿದ್ದೇನೋ ಇಲ್ಲವೋ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಅವನು ಕಾಲೇಜಿಗೆ ಮರಳಿದ ವಾರ ಮಿಸ್ಟರ್ ಪೆಟ್ರೀ ಬಂದ. ನರೆತ ಕೂದಲು, ಮೆದು ಮಾತು, ಕೈಯಲ್ಲಿ ಸಣ್ಣ ನೋಟ್‌ಬುಕ್. ತಾನು ವೃತ್ತಿ ತಂಡವೊಂದರವನು, ಆಡುವ ಹುಡುಗರ ಬಗ್ಗೆ ಅವರ ಊರಲ್ಲಿ ಕೇಳಿಕೊಂಡು ತಿರುಗುವುದೇ ತನ್ನ ಕೆಲಸ ಎಂದು ಮೊದಲೇ ಹೇಳಿಕೊಂಡ. ಕುಡಿಯುತ್ತಾನಾ? ಇಲ್ಲ. ಜಗಳ? ಇಲ್ಲ. ಮಾತು ಹೇಗೆ? ಕಡಿಮೆ. ಡೆಲ್ಲಾ ಕೌಂಟರ್ ಒರೆಸುತ್ತಾ ಹೇಳಿದಳು.

"ತೋಳು ಗಿಡ್ಡ, ಅದು ಗೊತ್ತಿರೋದೇ. ಅದಕ್ಕೆ ಉಪಾಯ ಇದೆ," ಎಂದ ಪೆಟ್ರೀ. "ನಾನು ಎಲ್ಲರನ್ನೂ ಕೊನೇಗೆ ಒಂದು ಕೇಳ್ತೀನಿ, ತಾಯಿ. ಅವನಿಗೆ ಫುಟ್‌ಬಾಲ್ ಅಂದ್ರೆ ಪ್ರೀತಿಯಾ?"

ಡೆಲ್ಲಾ ನಕ್ಕಳು. ವೇಡ್‌ನನ್ನು ಹೊಗಳಲು ಯಾರೂ ಅವಳಿಗೆ ಇಷ್ಟು ದೊಡ್ಡ ಬಾಗಿಲು ತೆರೆದಿರಲಿಲ್ಲ.

"ಚೆನ್ನಾಗಿ ಆಡ್ತಾನೆ. ಆದ್ರೆ ಪ್ರೀತಿ ಅಂದ್ರಲ್ಲ, ಅದು ಅವನ ಹಸುಗಳ ಮೇಲೆ. ಇಪ್ಪತ್ಮೂರಿವೆ. ಹನ್ನೆರಡನೇ ವಯಸ್ಸಲ್ಲಿ ಒಂದು ಕರು ಸಾಕಿದ್ದ, ಅದರ ಸಂತಾನವೇ ಎಲ್ಲ. ಹೋದ ನವೆಂಬರಲ್ಲಿ ಆ ದೊಡ್ಡ ಪಂದ್ಯ ಗೆದ್ದರಲ್ಲ? ನಾಲ್ಕು ಸಲ ಕೆಡವಿದ್ದ. ಮೈದಾನದಿಂದಲೇ ನನಗೆ ಫೋನ್ ಮಾಡಿದ. ಗೆದ್ವಿ ಅಂತಾನಾ? ಊಹೂಂ! 'ಏಳು ಕುಂಟ್ತಿತ್ತಲ್ಲ, ಒಳಗೆ ತಂದು ಕಟ್ಟಿದ್ರಾ?' ಅಂತ. ಹಿಂದೆ ಅಷ್ಟು ಜನ ಕೂಗ್ತಾ ಇದಾರೆ, ಇವನಿಗೆ ಏಳರ ಗೊರಸು. ಇಲ್ಲಿ ಒಂದು ಗುಡ್ಡ, ಆ ಹಸು ಇದ್ಬಿಟ್ರೆ ಸಾಕು, ಹಾಯಾಗಿರ್ತಾನೆ ಅವನು."

ಆ ಸೀಮೆಯಲ್ಲಿ ಗಂಡಸಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತಿರಲಿಲ್ಲ.

ಪೆಟ್ರೀಯ ಪೆನ್ನು ನಿಂತಿತು. ಅವನು ತಲೆಯೆತ್ತಿ ಅವಳನ್ನು ನೋಡಿದ, ಮರುಕವಿದ್ದಂತೆ. ಆಮೇಲೆ ಬಗ್ಗಿ ನಿಧಾನವಾಗಿ ಒಂದು ಸಾಲು ಬರೆದ.

ತನ್ನ ಹೊಗಳಿಕೆ ವೇಡ್‌ಗೆ ಮುಳುವಾಯಿತೆಂದು ಡೆಲ್ಲಾಗೆ ಆಗ ತಿಳಿಯಿತು. ಹಾಗಲ್ಲ, ಆಟಕ್ಕೂ ಪ್ರಾಣ ಬಿಡ್ತಾನೆ ಎನ್ನಲು ಪೂರಾ ಸಮಯವಿತ್ತು. ಮಾತು ನಾಲಿಗೆಯ ತನಕ ಬಂದಿತ್ತು. ಕಿಟಕಿಯಾಚೆ, ಉತ್ತರದ ದಾರಿಯಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತಿತ್ತು.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಅವಳು ಕಪ್ಪಿಗೆ ಕಾಫಿ ಸುರಿದಳು.

ಏಪ್ರಿಲ್ ಕೊನೆಯ ಶನಿವಾರ ಆಯ್ಕೆ ನೋಡಲು ಊರೆಲ್ಲ, ವೇಡ್ ಸಮೇತ, ಕೆಫೆಯಲ್ಲಿತ್ತು. ಎರಡನೇ ಸುತ್ತು ಹಿಂದಿನ ದಿನವೇ ಮುಗಿದಿತ್ತು. ಆರ್ಲೋನ ಹಾರೈಕೆ ನಾಲ್ಕಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಟೀವಿಯಲ್ಲಿ ಒಂದೊಂದು ಹೆಸರು ಬಂದಾಗಲೂ ಯಾರದೋ ಮನೆಯ ಸೋಫಾದಲ್ಲಿ ಯಾರೋ ತಾಯಿ ಅಳುತ್ತಿದ್ದಳು. ಏಳನೇ ಸುತ್ತಿನ ಹೊತ್ತಿಗೆ ಮರ್ಲ್ ಕೂಡ ಉಪ್ಪಿನ ಡಬ್ಬಿ ಮುಟ್ಟಲಿಲ್ಲ.

"ಅವನಿಗಿಂತ ಗಿಡ್ಡ ತೋಳಿನೋರನ್ನ ತಗೊಂಡ್ರಲ್ಲೋ," ಎಂದ ಮರ್ಲ್, ತಾನೇ ಮೋಸಹೋದವನಂತೆ. "ಏನು ನೋಡ್ತಾರೆ ಇವರು?"

ಕೊನೆಯ ಹೆಸರೂ ಆಯಿತು. ವೇಡ್‌ನ ಫೋನು ಆಗ ರಿಂಗಾಯಿತು. ಅವನು ಹೊರಗೆ, ಖಾಲಿ ದನದ ಅಂಗಳಕ್ಕೆ ನಡೆದ. ಅವನ ಬೆನ್ನು ಕಂಡು ಡೆಲ್ಲಾ ಏಪ್ರನ್ ಕಟ್ಟಿಕೊಂಡೇ ಹಿಂದೆ ಹೋದಳು.

ಅವನು ಬೇಲಿಯ ಮೇಲಿನ ಕಂಬಿ ಹಿಡಿದು ನಿಂತಿದ್ದ.

"ಮೂರು ದಿನದ ಪರೀಕ್ಷಾ ಶಿಬಿರಕ್ಕೆ ಕರೆದಿದಾರೆ, ಪೆಟ್ರೀ ಅನ್ನೋರ ತಂಡ. ಸಂಬಳ ಇಲ್ಲ. ಯಾಕೆ ಆರಿಸ್ಲಿಲ್ಲ ಅಂತ ಕೇಳ್ದೆ. ತೋಳು ಗಿಡ್ಡ ಅನ್ನೋದನ್ನ ಬದಿಗಿಡ್ತಿದ್ರಂತೆ. 'ನಿನ್ನ ಮನಸ್ಸು ಇದರಲ್ಲಿಲ್ಲ, ಮೈದಾನದಿಂದ ಫೋನ್ ಮಾಡಿ ಕುಂಟು ಹಸು ವಿಚಾರಿಸೋ ಹುಡುಗ ನೀನು' ಅಂದ್ರು." ತಿರುಗಿದ. "ಆ ಫೋನು ನಾನು ಮಾಡಿದ್ದು ಒಬ್ಬರಿಗೇ, ಡೆಲ್ಲಾ."

"ನಾನೇ ಹೇಳಿದ್ದು."

"ಯಾಕೆ?"

"ಹೊಗಳ್ತಾ ಇದ್ದೀನಿ ಅಂದ್ಕೊಂಡೆ ಕಣೋ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವನ ಕಣ್ಣು ಅವಳ ಮೇಲಿತ್ತು, ಸುಳ್ಳು ಹೇಳಲಾಗಲಿಲ್ಲ. "ಅವರ ಪೆನ್ನು ನಿಂತಿದ್ದು ನೋಡ್ದೆ. ಆಗ ಗೊತ್ತಾಯ್ತು. ತಿದ್ದಬಹುದಿತ್ತು. ಕಾಫಿ ಸುರಿದೆ."

"ಗೊತ್ತಾಗಿ?"

"ನೀನು ಹೋಗದೇ ಇರ್ಲಿ ಅನ್ನಿಸ್ತು. ಒಂದೇ ಗಳಿಗೆ, ವೇಡ್. ನೀನು ಏಪ್ರಿಲ್ ಆಗ್ಲಿ, ಏಪ್ರಿಲ್ ಆಗ್ಲಿ ಅಂತಿದ್ದೆ. ಅದ್ರಲ್ಲಿ ನಾನೆಲ್ಲೂ ಕಾಣ್ತಿರ್ಲಿಲ್ಲ. ನಿನ್ನ ಬಿಟ್ಟು ನನಗೆ ಆಗಲ್ಲ."

ಪ್ರೀತಿಯೆಂದು ಅವಳು ಬಾಯಿಬಿಟ್ಟದ್ದು ಅದೇ ಮೊದಲು, ಸಗಣಿಯೊಣಗಿದ ಆ ಅಂಗಳದಲ್ಲಿ.

ವೇಡ್ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ. "ಯಾವ ಊರಿನ ತಂಡ ಅಂತ ಗೊತ್ತಾಗ್ಲಿ ಅಂತ ಕಾಯ್ತಿದ್ದೆ. ಊರಿನ ಹೆಸರು ಹೇಳಿ, ಬರ್ತೀಯಾ ಅಂತ ಕೇಳೋಣ ಅಂತ. ಹೆಸರಿಲ್ದೆ ಹೇಗೆ ಕೇಳ್ಲಿ ಅನ್ಕೊಂಡೆ."

ಅವಳು ಅವನ ತೋಳು ಮುಟ್ಟಿದಳು. ಅವನು ಕೊಡವಲಿಲ್ಲ, ಕೊಡವಿದ್ದರೆ ವಾಸಿಯಿತ್ತು.

"ನೀನು ಹೇಳಿದ್ದು ಸುಳ್ಳಾಗಿದ್ರೆ ಇವತ್ತೇ ಕ್ಷಮಿಸ್ತಿದ್ದೆ ಕಣೆ," ಎಂದ. "ಅದು ನಿಜ. ನನಗೇ ಇನ್ನೂ ಗೊತ್ತಾಗಿರ್ಲಿಲ್ಲ. ನೀನು ನನಗೆ ಹೇಳ್ಬೇಕಿತ್ತು. ಗುಡ್ಡದ ಮೇಲೆ ನಿಂತ್ಕೊಂಡು 'ನಿನ್ನ ಜಾಗ ಇದು ಕಣೋ' ಅಂದಿದ್ರೆ ಉಳೀತಿದ್ನೋ ಏನೋ. ನೋಟ್‌ಬುಕ್ ಹಿಡ್ಕೊಂಡೋನಿಗೆ ಹೇಳ್ದೆ."

"ಈಗ ಹೇಳ್ತೀನಿ."

"ಈಗ ಉಳಿದ್ರೆ, ಅವರು ಬೇಡ ಅಂದಿದ್ದಕ್ಕೆ ಉಳಿದೆ ಅಂತಾಗುತ್ತೆ. ದಿನಾ ಬೆಳಗ್ಗೆ ನಿನ್ನ ಮುಖ ನೋಡಿದಾಗ ಅದೇ ನೆನಪಾಗುತ್ತೆ."

ಮೇ ತಿಂಗಳ ಎರಡನೇ ಗುರುವಾರ ಅವನ ಹಸುಗಳು ಹರಾಜಿಗೆ ಬಂದವು. ಡೆಲ್ಲಾ ಆ ದಿನ ರಜೆ ಕೇಳಬಹುದಿತ್ತು, ಕೇಳಲಿಲ್ಲ. ಕೆಫೆಯ ಹಿಂಬಾಗಿಲಿಂದ ಹರಾಜಿನ ಅಂಕಣ ಕಾಣುತ್ತದೆ. ಒಂದೊಂದಾಗಿ ಬಂದವು, ಈದು ಕರು ಪಕ್ಕದಲ್ಲಿದ್ದವು, ಇನ್ನೂ ಈಯದವು. ಪ್ರತಿಯೊಂದರ ಕಿವಿಯಲ್ಲೂ ಅವಳ ಕೈಬರಹ. ಹರಾಜು ಕೂಗುವವನು ಒಂದೇ ಉಸಿರಲ್ಲಿ ಕೂಗುತ್ತಿದ್ದ. ಕೊಳ್ಳುವವರು ಕಾಲು ನೋಡಿ, ಬೆನ್ನು ನೋಡಿ, ಟೋಪಿಯ ಅಂಚು ಮುಟ್ಟಿ ಬೆಲೆ ಏರಿಸುತ್ತಿದ್ದರು. ಏಳು ಬಂತು. ಗೊರಸು ವಾಸಿಯಾಗಿತ್ತು. ಅಡ್ಡಗೆರೆಯ ಬಿಲ್ಲೆ ಅಲ್ಲಾಡಿಸುತ್ತಾ ಅದು ಅಂಕಣದ ನಡುವೆ ನಿಂತು, ಗೇಟಿನ ಬಳಿಯಿದ್ದ ವೇಡ್‌ನ ಕಡೆ ಹೋಗಲು ನೋಡಿತು. ಅವನು ನಾಲಿಗೆ ಲೊಚಗುಟ್ಟಿ, ತಾನೇ ಅದನ್ನು ಆಚೆಯ ಬಾಗಿಲಿಗೆ ಅಟ್ಟಿದ.

ಮುಗಿದ ಮೇಲೆ ಅವನು ಒಳಗೆ ಬಂದ. ಬಾಗಿಲ ಹತ್ತಿರದ ಸ್ಟೂಲಲ್ಲಿ ಕೂತ, ಅವಳಿಂದ ದೂರದ್ದು.

"ಎಲ್ಲಾನೂ ಯಾಕೆ ಮಾರಿದೆ?" ಎಂದಳು. "ನಿಮ್ಮಪ್ಪ ನೋಡ್ಕೊಳ್ತಿದ್ರಲ್ಲ."

"ಮುಂದಿನ ಸಲ ತಂಡದೋರು ಕೇಳಿದಾಗ ಯಾರೂ ಏನೂ ಹೇಳೋಕಾಗ್ಬಾರ್ದು."

ಕಾಫಿ ಪೂರ್ತಿ ಕುಡಿದ. ಹೋಗುವಾಗ ಟೋಪಿಯ ಅಂಚು ಮುಟ್ಟಿದ, ಊರ ಯಾವ ಹೆಂಗಸಿಗಾದರೂ ಮುಟ್ಟುವ ಹಾಗೆ.

ಜೂನಿನಲ್ಲಿ ಮಿಸ್ಟರ್ ಪೆಟ್ರೀ ಮತ್ತೆ ಬಂದ. ಹಸಿರು ಗುಡ್ಡಗಳ ಧೂಳು ಅವನ ಬೂಟಿನ ಮೇಲಿತ್ತು. ಹುಡುಗ ಶಿಬಿರದಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದಾನೆ, ಒಪ್ಪಂದಕ್ಕೆ ಸಹಿ ಹಾಕಿಸಬೇಕೆಂದಿದ್ದಾರೆ, ಆದರೆ ಮೇಲಿನವರಿಗೆ ತನ್ನ ನೋಟ್‌ಬುಕ್ಕಿನ ಹಳೆಯ ಸಾಲೊಂದು ಚುಚ್ಚುತ್ತಿದೆ ಎಂದ. "ನೀನೇ ಹೇಳಿದ್ದು, ತಾಯಿ. ಅದಕ್ಕೆ ನಿನ್ನನ್ನೇ ಮತ್ತೆ ಕೇಳೋಣ ಅಂತ ಬಂದೆ."

ಆರ್ಲೋ, ಮರ್ಲ್ ಇಬ್ಬರೂ ಕಪ್ಪು ಕೆಳಗಿಟ್ಟರು.

"ಕೇಳಿ," ಎಂದಳು ಡೆಲ್ಲಾ.

"ಅವನಿಗೆ ಫುಟ್‌ಬಾಲ್ ಅಂದ್ರೆ ಪ್ರೀತಿಯಾ?"

"ಅದೊಂದೇ ಈಗ ಅವನಿಗಿರೋದು."

"ಹಸುಗಳು?"

"ಒಂದೂ ಇಲ್ಲ. ಮಾರಿಬಿಟ್ಟ."

"ಊರಿಗೆ ಎಳೆಯೋರು? ಹುಡುಗಿ ಅಂತ ಯಾರಾದ್ರೂ?"

ಹಿಂಬಾಗಿಲು ತೆರೆದಿತ್ತು. ಅಂಕಣದಲ್ಲಿ ಯಾರೋ ನೀರು ಹೊಡೆದು ತೊಳೆಯುತ್ತಿದ್ದರು.

"ಇಲ್ಲ," ಎಂದಳು. "ಯಾರೂ ಇಲ್ಲ."

ಪೆನ್ನು ಈ ಸಲ ನಿಲ್ಲಲಿಲ್ಲ. ಪೆಟ್ರೀ ಸಾಲು ಮುಗಿಸಿ, ನೋಟ್‌ಬುಕ್ ಜೇಬಿಗಿಳಿಸಿ, ನಿರಾಳವಾಗಿ ಕೂತ. "ಹೋದ ಸಲದ ಚೆರ್ರಿ ಪೈ ಚೆನ್ನಾಗಿತ್ತು. ಇದೆಯಾ?"

"ಚೆರ್ರಿ ಮುಗೀತು. ಸೇಬಿಂದಿದೆ," ಎಂದು ಡೆಲ್ಲಾ ಚಾಕು ತೆಗೆದುಕೊಂಡು ಒಂದು ತುಂಡು ಕತ್ತರಿಸಿದಳು.