ಯಾರಿಗೂ ಕೊಡದ ಬೆರಳು

ಸೊಕ್‌ಜೆ ಆ ಮಾತನ್ನು ಕೂಗಿ ಹೇಳಿದ್ದರೆ ದೊಕ್ಮಾನನಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಬಾರ್ಲಿ ಚಹಾದ ಲೋಟ ಮುಂದಕ್ಕೆ ಸರಿಸುತ್ತ, ರೋಗಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ.

"ಚಿಕ್ಕಪ್ಪ, ಇನ್‌ಬೊಮ್ ಅವರ ನೋಟ್‌ಬುಕ್ ಸಿಕ್ಕಿದೆ. ಅವರ ಹೆಂಡ್ತಿ ಸಾಯೋ ಮುಂಚೆ ನನ್ನ ಕೈಗೇ ಕೊಟ್ರು. ತಾವು ಅಂಟಿನ ಅಂಗಡಿ ಅಟ್ಟದಲ್ಲಿ ಅಡಗಿದ್ದು ನಿಮಗೊಬ್ರಿಗೇ ಗೊತ್ತಿತ್ತು ಅಂತ ಬರ್ದಿದಾರೆ."

"ಇಪ್ಪತ್ತೆಂಟು ವರ್ಷದ ಹಳೇ ಕಾಗದ ಕಣೋ. ಅದಕ್ಕೇನು ನಾಲಿಗೆ ಇದೆಯಾ?"

"ಸೋಮವಾರ ಸಭೇಲಿ ನೀವೇ ಹೇಳ್ಬಿಡಿ. ಇಲ್ಲಾಂದ್ರೆ ನಾನು ಓದ್ಬೇಕಾಗುತ್ತೆ. ಅಲ್ಲೀವರೆಗೂ ಯಾರಿಗೂ ತೋರ್ಸಲ್ಲ. ನಮ್ಮಪ್ಪನಾಣೆ."

ಸೊಕ್‌ಜೆ ಆಣೆ ಮುರಿಯುವವನಲ್ಲ. ಹಾಗಾದರೆ ಇರುವುದು ಒಂದೇ ನೋಟ್‌ಬುಕ್ಕು, ಅದನ್ನು ಓದಿದ ಒಬ್ಬನೇ ಮನುಷ್ಯ. ದೊಕ್ಮಾನ್ ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಎದ್ದ.

ಕೊರಿಯಾದ ಜೇಜು ದ್ವೀಪದಿಂದ ಹಡಗು ಹತ್ತಿ ಜಪಾನಿನ ಒಸಾಕಾಗೆ ಬಂದವರ ಮತ್ತು ಅವರ ಮಕ್ಕಳ ಬದುಕನ್ನು ಬರೆದಿಡಲು ವಿಶ್ವವಿದ್ಯಾಲಯವೊಂದು ಇಕುನೋದ ಕಾಲುವೆ ಪಕ್ಕದಲ್ಲಿ ತೆರೆದ ಸಂಶೋಧನಾ ಕೇಂದ್ರ ಅದು; ಸೊಕ್‌ಜೆ ಅದನ್ನು ನೋಡಿಕೊಳ್ಳುವವನು. ಸೋಮವಾರ ಅದರ ಓದುವ ಕೋಣೆಗೆ ದೊಕ್ಮಾನನ ಹೆಸರಿಡುವ ಸಭೆ. ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ಇಲ್ಲೇ ಹುಟ್ಟಿದ ಕೊರಿಯನ್ನರೂ ವಾರ್ಡ್ ಕಚೇರಿಗೆ ಹೋಗಿ ಕಳ್ಳರಂತೆ ಬೆರಳಚ್ಚು ಕೊಡಬೇಕಿದ್ದ ಕಾಲದಲ್ಲಿ, ಆಗುವುದಿಲ್ಲ ಎಂದು ಮೊದಲು ಎದ್ದು ನಿಂತವನು ಅವನು. ಓದುವ ಕೋಣೆಯ ಗೋಡೆಯಲ್ಲಿ ಗಾಜಿನ ಹಿಂದೆ ಆ ವರ್ಷದ ಪ್ರತಿಜ್ಞೆಯ ಬಟ್ಟೆ ಇದೆ. ಬಿಳಿ ಬಟ್ಟೆಯ ತುಂಬ ಹೂವಿನ ಎಸಳು ಉದುರಿದಂತೆ ಕೆಂಪು ಗುರುತುಗಳು, ಈಗ ತುಕ್ಕಿನ ಬಣ್ಣಕ್ಕೆ ತಿರುಗಿವೆ. ಹೆಸರುಗಳಲ್ಲಿ ಮೊದಲನೆಯದು ಹ್ಯೊನ್ ದೊಕ್ಮಾನ್, ಅವನದೇ ದುಂಡನೆಯ ಅಕ್ಷರದಲ್ಲಿ. ಸಭೆ ಸಭೆಯಲ್ಲಿ ಅವನು ಎರಡು ಕೈ ಎತ್ತಿ ತೋರಿಸುತ್ತಿದ್ದ: "ನೋಡಿ, ಈ ಬೆರಳು ಯಾರಿಗೂ ಕೊಟ್ಟಿಲ್ಲ."

ಅದೇ ವರ್ಷ ಬೆರಳು ಕೊಡದೆ ಅಡಗಿದ್ದ ಇನ್‌ಬೊಮ್‌ನನ್ನು ಪೊಲೀಸರು ಅಟ್ಟದಿಂದ ಕೂದಲು ಹಿಡಿದು ಎಳೆದು ತಂದಿದ್ದರು. ಮುಖ ಮೆಟ್ಟಿಲು ಮೆಟ್ಟಿಲಿಗೂ ಬಡಿದು ಮುಂದಿನ ಹಲ್ಲು ಮುರಿದವು. ನಾಲ್ವರು ಸೇರಿ ಕೈಯನ್ನು ಹಲಗೆಗೆ ಕಟ್ಟಿ, ಮುಷ್ಟಿ ಬಿಡಿಸಿ ಶಾಯಿಗೆ ಒತ್ತಿದರು. ಎರಡು ಬೆರಳು ಅಲ್ಲೇ ಲಟಕ್ಕೆಂದವು. ಆಮೇಲೆ ಅವನ ಕೈಗೆ ಚರ್ಮ ಕತ್ತರಿಸುವ ಚೂರಿ ನಿಲ್ಲಲಿಲ್ಲ. ಮೂರನೆಯ ಚಳಿಗಾಲಕ್ಕೆ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ. ದೊಕ್ಮಾನನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದಕ್ಕೆ ಅವನು ಕೊಟ್ಟಿದ್ದು ಒಂದು ವಿಳಾಸ, ಅಷ್ಟೇ.

ಭಾನುವಾರ ಬಾವುಟದವರ ಮೆರವಣಿಗೆ ಇತ್ತು. ಧ್ವನಿವರ್ಧಕದ ವ್ಯಾನು ತಂದು "ಕೊರಿಯಾದ ಜಿರಳೆಗಳೇ, ಹೊರಡಿ" ಎಂದು ಅರಚುವ ಮಂದಿ. ಕೇಂದ್ರದ ಅಂಚೆಪೆಟ್ಟಿಗೆಗೆ ಸುಟ್ಟುಬಿಡುತ್ತೇವೆಂದು ಎರಡು ಸಲ ಚೀಟಿ ಹಾಕಿದ್ದರು. ಪೊಲೀಸರ ಬಳಿ ಆ ಚೀಟಿಗಳಿದ್ದವು. ಮೆರವಣಿಗೆ ಮಧ್ಯಾಹ್ನ ಎರಡೂ ಹತ್ತಕ್ಕೆ ಕಾಲುವೆ ಬದಿಗೆ ಬರುತ್ತದೆ. ಆ ಗದ್ದಲದಲ್ಲಿ ಗೋಡೆ ಬಿದ್ದರೂ ಕೇಳದು. ಭಾನುವಾರ ಕೇಂದ್ರದಲ್ಲಿ ಸೊಕ್‌ಜೆ ಒಬ್ಬನೇ ಇರುತ್ತಾನೆ. ಹಿಂದಿನ ಓಣಿಯಿಂದ ಅಲ್ಲಿಗೆ ಎಂಬತ್ತು ಹೆಜ್ಜೆ. ಕೆಲಸಕ್ಕೆ ಹನ್ನೆರಡು ನಿಮಿಷ. ಕೊನೆಗೆ ಹೊರಗಿನಿಂದ ಕಿಟಕಿಗೊಂದು ಇಟ್ಟಿಗೆ. ಉಳಿದದ್ದನ್ನು ಬಾವುಟದವರ ತಲೆಗೆ ಊರೇ ಕಟ್ಟುತ್ತದೆ.

ಕೈಗವಸು ಬೇಡವೆಂದು ತೀರ್ಮಾನಿಸಿದ. ಬೇಸಿಗೆಯಲ್ಲಿ ಕೈಗವಸು ಹಾಕಿದವನನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಬೆರಳು ಎಲ್ಲಿ ಉಳಿದರೇನು, ಪೊಲೀಸರು ಅದನ್ನು ಯಾವುದರ ಜೊತೆ ಹೋಲಿಸುತ್ತಾರೆ? ಈ ದೇಶದ ಯಾವ ಕಡತದಲ್ಲೂ ಅವನ ಕೈ ಇಲ್ಲ. ಇದನ್ನು ಯೋಚಿಸಿ ಅವನಿಗೆ ನಗು ಬಂತು.

ಭಾನುವಾರ ಅವನು ಮೆರವಣಿಗೆಯನ್ನು ವಿರೋಧಿಸುವವರ ಸಾಲಿನ ಮುಂದೆ ಫಲಕ ಹಿಡಿದು ನಿಂತ. ಕಪ್ಪು ಅಂಗಿಯ ಮೇಲೆ ಇನ್ನೊಂದು ಕಪ್ಪು ಅಂಗಿ. ಭುಜದ ಚೀಲದಲ್ಲಿ ತನ್ನ ಚಪ್ಪಲಿ ಕಾರ್ಖಾನೆಯ ಕಬ್ಬಿಣದ ಪಾದದಚ್ಚು. ವ್ಯಾನಿನ ಸದ್ದು ಹತ್ತಿರವಾದಾಗ ಫಲಕವನ್ನು ಪಕ್ಕದವನ ಕೈಗಿತ್ತ.

"ಏನ್ ಲೀಡರ್ರೇ, ಜಿರಳೆ ಔಷಧಿಗೆ ಹೆದರಿ ಓಡ್ತಿದೀರಾ?" ಮೀನಂಗಡಿಯ ಹೆಂಗಸು ಕಿಚಾಯಿಸಿದಳು.

"ಉಚ್ಚೆಗೆ ಹೊರಟೆ ಕಣೇ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ಬೇಗ ಬನ್ನಿ. ನೀವಿಲ್ದಿದ್ರೆ ನಮ್ಮೋರಿಗೆ ಗಂಟಲೇ ಏಳಲ್ಲ."

ಇವಳು ಸಾಕ್ಷಿ ಹೇಳುತ್ತಾಳೆ, ಚೆನ್ನಾಗಿ ಹೇಳುತ್ತಾಳೆ ಎಂದುಕೊಂಡು ಓಣಿಗೆ ತಿರುಗಿದ.

ಸೊಕ್‌ಜೆ ಓದುವ ಕೋಣೆಯಲ್ಲಿ ಒಬ್ಬನೇ ಇದ್ದ. ನೋಟ್‌ಬುಕ್ಕು ಮೇಜಿನ ಮೇಲೇ ಇತ್ತು.

"ಬಂದ್ರಾ ಚಿಕ್ಕಪ್ಪ? ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು," ಎಂದು ಅವನು ಚಹಾ ಬಗ್ಗಿಸಲು ಬೆನ್ನು ತಿರುಗಿಸಿದ.

ಮೊದಲ ಏಟಿಗೆ ಅವನು ಬೀಳಲಿಲ್ಲ. ತಿರುಗಿ ನೋಡಿದ. ಎರಡನೆಯದು ಕನ್ನಡಕವನ್ನು ಕಣ್ಣೊಳಗೆ ಒತ್ತಿತು. ಮೂರನೆಯದಕ್ಕೆ ಮೊಣಕಾಲೂರಿ ಬಿದ್ದ, ಬಿದ್ದವನು ದೊಕ್ಮಾನನ ಕಾಲನ್ನು ಎರಡೂ ತೋಳಿನಿಂದ ತಬ್ಬಿಕೊಂಡ. ಬೇಡಿಕೊಂಡದ್ದೋ, ಹಿಡಿದದ್ದೋ ತಿಳಿಯಲಿಲ್ಲ. ದೊಕ್ಮಾನ್ ಜೋಲಿ ಹೊಡೆದು ಗೋಡೆಗೆ ಕೈಯೂರಿ ನಿಂತು, ತಲೆಯ ಮೇಲೆ ಮತ್ತೆ ಮತ್ತೆ ಅಚ್ಚನ್ನು ಇಳಿಸಿದ. ಏಳು, ಎಂಟು. ಹೊರಗೆ ವ್ಯಾನು ಅರಚುತ್ತಿತ್ತು. ಒಳಗೆ ಹಸಿ ಮರ ಸೀಳಿದಂಥ ಸದ್ದು. ತೋಳು ಸಡಿಲವಾಯಿತು.

ಮೂಲೆಯ ತೊಟ್ಟಿಯಲ್ಲಿ ಕೈ ತೊಳೆದ. ಮೇಲಿನ ಅಂಗಿ, ಅಚ್ಚು, ನೋಟ್‌ಬುಕ್ಕು ಚೀಲಕ್ಕೆ ಹೋದವು. ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ನೋಡಿದ. ಎಲ್ಲ ಇದ್ದ ಹಾಗೇ ಇತ್ತು. ಹೊರಬಂದು ಕಿಟಕಿಗೆ ಇಟ್ಟಿಗೆ ಎಸೆದ, ಚೀಲವನ್ನು ಕಾಲುವೆಗೆ ಬಿಟ್ಟ. ಹನ್ನೊಂದನೆಯ ನಿಮಿಷಕ್ಕೆ ಫಲಕ ಮತ್ತೆ ಅವನ ಕೈಯಲ್ಲಿತ್ತು, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಸೋಮವಾರ ಸಭೆ ನಡೆಯಲಿಲ್ಲ. ದೊಕ್ಮಾನ್ ಓದುವ ಕೋಣೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದ. ಬಾವುಟದವರಲ್ಲಿ ಹದಿನಾರು ಜನರನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರು. ಬಾಗಿಲು, ಮೇಜು, ಕಿಟಕಿ ಎಲ್ಲ ತಪಾಸಣೆ ಮುಗಿದಿತ್ತು. ಇನ್ನು ಗುಡಿಸಬಹುದು ಎಂದು ಇನ್‌ಸ್ಪೆಕ್ಟರ್, ಕೇಂದ್ರ ಗುಡಿಸಿ ಒರೆಸುವ ಪುನ್ಯೊ ಅಜ್ಜಿಗೆ ಹೇಳಿದ. ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಎಣಿಕೆ ಕಲಿತ ಅಜ್ಜಿ ದಿನವೂ ಆ ಪ್ರತಿಜ್ಞೆಯ ಗಾಜನ್ನು ಒಳಗಿನ ಗುರುತು ಎಣಿಸುತ್ತಲೇ ಒರೆಸುವವಳು. ಒದ್ದೆ ಬಟ್ಟೆ ಎತ್ತಿದವಳು ಹಾಗೇ ನಿಂತಳು.

"ಇದ್ಯಾವುದಪ್ಪ? ಮೂವತ್ತೇಳು ಇರ್ಬೇಕು. ಒಂದು ಜಾಸ್ತಿ ಇದೆ. ಇದು ಗಾಜಿನ ಮೇಲಿದೆ."

"ಏನಜ್ಜಿ ಅವು, ಹೂವಾ?"

"ಹೂವಲ್ಲಪ್ಪ, ಹೆಬ್ಬೆಟ್ಟು. ಸರ್ಕಾರಕ್ಕೆ ಬೆರಳು ಕೊಡಲ್ಲ ಅಂದೋರು, ಒಬ್ರನ್ನೊಬ್ರು ಬಿಟ್ಟುಕೊಡಲ್ಲ ಅಂತ ಒತ್ತಿದ್ದು. ಕೆಳಗಡೆ ಅವರವರ ಹೆಸ್ರಿದೆ."

ಇನ್‌ಸ್ಪೆಕ್ಟರ್ ಜೇಬಿನಿಂದ ಭೂತಗನ್ನಡಿ ತೆಗೆದ. ಗಾಜಿನ ಮೇಲಿನ ಒಣಗಿದ ರಕ್ತದ ಗೆರೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಗಾಜಿನೊಳಗಿನ ಬಟ್ಟೆಯ ಮೇಲೆ ಮೊದಲ ಗುರುತಿನಿಂದ ಶುರುಮಾಡಿದ. ಎರಡನೆಯದಕ್ಕೆ ಹೋಗುವ ಅಗತ್ಯ ಬೀಳಲಿಲ್ಲ.