ಬಾನೆಟ್ ಬಿಚ್ಚಿದವರು

ಸೋಮವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಶಾಲಾ ವ್ಯಾನಿನ ಚಾಲಕನೊಬ್ಬ ಠಾಣೆಗೆ ಬಂದು, ತನ್ನ ವ್ಯಾನಿನ ಬಾನೆಟ್ ಕಳುವಾಗಿದೆ ಎಂದು ದೂರು ಕೊಟ್ಟ.

“ಬಾನೆಟ್ ಒಂದೇನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಹೂಂ ಸಾರ್. ಊಟ ಮಾಡಿ ಒಂದು ನಿದ್ದೆ ತೆಗೆದು ಹೊರಗೆ ಬಂದ್ರೆ ವ್ಯಾನು ಬಾಯಿ ಬಿಟ್ಕೊಂಡು ನಿಂತಿದೆ.”

“ಮನೇಲಿ ಯಾರಿದ್ರು?”

“ಹೆಂಡ್ತಿ. ಅವಳಿಗೇನೂ ಕೇಳಿಸಲಿಲ್ವಂತೆ.”

ಎಫ್‌ಐಆರ್ ದಾಖಲಾಯಿತು. ಎರಡು ಗಂಟೆಗೆ ಮನೆಯ ಹಿಂದೆ ಪಂಚನಾಮೆ ನಡೆಯಿತು. ಮಹಿಳಾ ಪೇದೆ ಎಂಜಿನ್ ಮೇಲೆ ಬಾಗಿ ನೋಡಿದಳು.

“ಸಾರ್, ಬೋಲ್ಟುಗಳನ್ನ ಅದರದರ ತೂತಿಗೇ ವಾಪಸ್ ಹಾಕಿದಾರೆ. ಕೀಲು ಕೂರೋ ಜಾಗದ ಸುತ್ತ ಪೆನ್ಸಿಲ್ ಗೆರೆ ಬೇರೆ.”

“ಕದಿಯೋನಿಗೆ ಮತ್ತೆ ಕೂರಿಸೋ ಚಿಂತೆ ಯಾಕೆ?”

ನೆಲದಲ್ಲಿ ಕತ್ತರಿಸಿದ ತಂತಿ ಬಿದ್ದಿತ್ತು.

“ಇದೇನು?” ಇನ್ಸ್‌ಪೆಕ್ಟರ್ ಚಾಲಕನನ್ನು ಕೇಳಿದರು.

“ಬಾನೆಟ್ಟಿನ ಲಾಕ್ ಸವೆದಿತ್ತು ಸಾರ್. ತಂತಿ ಕಟ್ಟಿದ್ದೆ. ಎರಡು ತಿಂಗಳಾಯ್ತು.”

“ವ್ಯಾನಲ್ಲಿ ಎಷ್ಟು ಮಕ್ಕಳು?”

“ಹನ್ನೊಂದು.”

ಇನ್ಸ್‌ಪೆಕ್ಟರ್ ನಾಲಿಗೆಯ ತುದಿಗೆ ಬಂದ ಬೈಗುಳ ನುಂಗಿಕೊಂಡರು.

ಬುಧವಾರ ಹನ್ನೆರಡೂಕಾಲಿಗೆ, ಚಾಲಕ ಒಳಗೆ ಗೊರಕೆ ಹೊಡೆಯುತ್ತಿದ್ದಾಗ, ಇಬ್ಬರು ಹೆಂಗಸರು ಬಾನೆಟ್ಟನ್ನು ತೊಟ್ಟಿಲಿನಂತೆ ಜೋಪಾನವಾಗಿ ಹಿಡಿದು ತಂದರು. ಮುಂದಿದ್ದವಳು ಗ್ಯಾರೇಜಿನ ಬಟ್ಟೆಯಲ್ಲಿದ್ದ ಚಾಲಕನ ಅಕ್ಕ. ಹಿಂದಿದ್ದವಳು ಅವನ ಹೆಂಡತಿ.

“ಗೆರೆಗೆ ಬಂತಾ?”

“ಇನ್ನೊಂದು ಚೂರು ನಿಮ್ಮ ಕಡೆ, ಅತ್ತಿಗೆ.”

ಕದ್ದವರು ಕೂರಿಸಲು ಬಂದೇ ಬರುತ್ತಾರೆಂದು ಇನ್ಸ್‌ಪೆಕ್ಟರ್ ಜೊತೆ ಮಂಗಳವಾರದಿಂದ ಕಾದಿದ್ದ ಪೇದೆ ಗೋಡೆಯ ಮರೆಯಿಂದ ಎದ್ದಳು. ಇನ್ಸ್‌ಪೆಕ್ಟರ್ ಕೈ ಅಡ್ಡ ಹಿಡಿದರು. “ಬೋಲ್ಟ್ ಬಿಗಿಯಾಗಲಿ, ತಡಿ.”

ಅಕ್ಕ ಬೋಲ್ಟುಗಳನ್ನು ಬಿಗಿದಳು. ಎರಡೂ ಬದಿಯ ಸಂದಿಗೆ ಬೆರಳಿಟ್ಟು ಅಳತೆ ನೋಡಿದಳು. ಬಾನೆಟ್ ಮುಚ್ಚಿ, ಹೊಸ ಲಾಕ್ ಹಿಡಿಯಿತೇ ಎಂದು ಮೂರು ಸಲ ಎಳೆದಳು. ಅದು ಅಲುಗಲಿಲ್ಲ. ಹನ್ನೆರಡು ಐವತ್ತಕ್ಕೆ ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು.

“ತಮ್ಮನಿಗೇ ಹೇಳಬಹುದಿತ್ತಲ್ಲಮ್ಮ?” ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು.

“ಎರಡು ವರ್ಷದಿಂದ ಮಾತಿಲ್ಲ ಸಾರ್. ಅವನ ಮದುವೆ ಫೋಟೋಗೆ ನಿಂತಾಗ, ‘ಕೈ ಹಿಂದಿಟ್ಕೋ, ಉಗುರೆಲ್ಲ ಗ್ರೀಸು’ ಅಂದ. ಬಂದ್ಬಿಟ್ಟೆ. ಹೋದ ವಾರ ಈ ವ್ಯಾನು ನನ್ನ ಗ್ಯಾರೇಜ್ ಮುಂದೆ ಹೋಯ್ತು. ಬಾನೆಟ್ ಪಟಪಟ ಹೊಡ್ಕೋತಿತ್ತು. ಅದು ಎದ್ದು ಗಾಜಿಗೆ ಬಡಿದ್ರೆ ಅವನಿಗೆ ದಾರಿ ಕಾಣುತ್ತಾ? ಇವಳಿಗೆ ಫೋನ್ ಮಾಡ್ದೆ. ಹೊಸ ಲಾಕ್ ಬೆಸುಗೆ ಹಾಕೋಕೆ ಬಾನೆಟ್ ಗ್ಯಾರೇಜಿಗೇ ಬೇಕಿತ್ತು.”

“ನಾನೂ ಹೇಳಿ ಹೇಳಿ ಸೋತೆ,” ಹಿಂದೆಯೇ ಓಡಿಬಂದಿದ್ದ ಗಂಡನನ್ನು ತೋರಿಸಿ ಹೆಂಡತಿ ಎಂದಳು. “ಇವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ.”

ಚಾಲಕ ದೂರು ಹಿಂಪಡೆಯುತ್ತೇನೆಂದ. ಅದನ್ನು ನ್ಯಾಯಾಲಯದಲ್ಲಿ ಹೇಳಬೇಕು, ಸದ್ಯಕ್ಕೆ ಠಾಣೆಯಲ್ಲೇ ಜಾಮೀನು ಕೊಡಬಹುದು ಎಂದರು ಇನ್ಸ್‌ಪೆಕ್ಟರ್. ಕೃತ್ಯದ ಕಾರಣ ಬರೆಯುವ ಜಾಗದಲ್ಲಿ ಅವರು ಬರೆದರು: ‘ತಮ್ಮನ ಜೀವದ ಚಿಂತೆ ಇತ್ತು. ಮಾತು ಇರಲಿಲ್ಲ.’

ದೂರುದಾರನೇ ಜಾಮೀನು ನಿಂತದ್ದು ಆ ಠಾಣೆಯಲ್ಲಿ ಅದೇ ಮೊದಲು. ಪೇದೆ ಪೆನ್ನು ಹಿಡಿದು ಕೇಳಿದಳು. “ಇವರು ನಿಮಗೆ ಏನಾಗಬೇಕು?”

“ಹೆಂಡ್ತಿ.”

“ಇವರು?”

“ಅಕ್ಕ,” ಎಂದು ಚಾಲಕ ಉಸಿರಲ್ಲೇ ಅಂದ.

“ಜೋರಾಗಿ ಹೇಳೋ,” ಎಂದಳು ಅಕ್ಕ. “ಬರ್ಕೊಳ್ಳೋರಿಗೆ ಕೇಳಿಸ್ಬೇಕು.”

ಅವನು ಇನ್ನೊಮ್ಮೆ ಹೇಳಿದ.