ಖಾಲಿ ಇರಲು ಒಪ್ಪಿದ ಬ್ಯಾಂಕು

ರಕ್ತ ಹೊರಡುವ ಮೊದಲೇ, ಅದು ತಲುಪುವುದಿಲ್ಲವೆಂದು ಯಂತ್ರ ಹೇಳಿತು.

ಕಾರವಾರದ ಆಸ್ಪತ್ರೆಯ ಪರದೆಯ ಮೇಲೆ ಆ ಸಾಲು ಓದಿದ ಡಾ. ಯಮುನಾ ಗಾಂವಕರ ಕುರ್ಚಿ ಎಳೆದುಕೊಂಡು ಕುಳಿತರು. ಯಂತ್ರ ಅವರದೇ ಸೃಷ್ಟಿ. ೨೦೫೮ರ ಹೊತ್ತಿಗೆ ಊರೂರಿನ ರಕ್ತದ ಲೆಕ್ಕವೆಲ್ಲ ಒಂದೇ ದತ್ತಸಂಚಯದಲ್ಲಿ, ಅಂದರೆ ಕಂಪ್ಯೂಟರಿನ ಒಂದೇ ಮಾಹಿತಿ ಕಣಜದಲ್ಲಿ ಇರುತ್ತಿತ್ತು. ಅಲ್ಲಿ ಒಂದು ಅಂಕಿ ಬದಲಾದರೆ ಸಾಕು, ಅದಕ್ಕೆಂದೇ ಬರೆದಿಟ್ಟ ನಿಯಮ ತಾನಾಗಿ ಎದ್ದು ಕೆಲಸಕ್ಕಿಳಿಯುತ್ತಿತ್ತು. ಅದು ಮತ್ತೊಂದು ಅಂಕಿ ಬದಲಿಸಿದರೆ ಮತ್ತೊಂದು ನಿಯಮ ಏಳುತ್ತಿತ್ತು. ಈ ಸರಪಳಿ ಎಲ್ಲಿ ನಿಲ್ಲುತ್ತದೆ, ನಿಲ್ಲುತ್ತದೆಯೋ ಇಲ್ಲವೋ ಎಂದು ಮೊದಲೇ ಕಂಡು ಹೇಳುವುದು ಯಮುನಾರ ಯಂತ್ರದ ಕೆಲಸ. ಕೈ ಹಾಕುವ ಮೊದಲೇ ತಪ್ಪು ಹುಡುಕುತ್ತದೆಂದು ನರ್ಸುಗಳು ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟಿದ್ದರು.

ವಾರ್ಡಿನಲ್ಲಿ ಮೋಹಿನಿ ಹರಿಕಂತ್ರ ಎಂಬ ತುಂಬು ಗರ್ಭಿಣಿ ಮಲಗಿದ್ದಳು. ಮರುದಿನ ಬೆಳಿಗ್ಗೆ ಆಪರೇಷನ್. ಅವಳದು ಅಪರೂಪದ ಬಾಂಬೆ ಗುಂಪಿನ ರಕ್ತ. ಬೇರೆ ಯಾವುದೂ ಒಗ್ಗದು. ಅಂಥ ಚೀಲ ಹುಬ್ಬಳ್ಳಿಯ ರಕ್ತದ ಬ್ಯಾಂಕಿನಲ್ಲಿ ಒಂದು, ಮಂಗಳೂರಿನದರಲ್ಲಿ ಒಂದು ಇತ್ತು. ಅಷ್ಟೇ.

ಅತ್ತೆ ಕಂಡದ್ದು ಇಷ್ಟು. ಹುಬ್ಬಳ್ಳಿಯ ಚೀಲ ಡ್ರೋನಿನಲ್ಲಿ ಕಾರವಾರಕ್ಕೆ ಬರುತ್ತದೆ. ಹುಬ್ಬಳ್ಳಿ ಬರಿದಾದೊಡನೆ ಅಲ್ಲಿಯ ನಿಯಮ ಎದ್ದು ಮಂಗಳೂರಿನದನ್ನು ತರಿಸಿಕೊಳ್ಳುತ್ತದೆ. ಮಂಗಳೂರಿನ ನಿಯಮ ಸುಮ್ಮನಿದ್ದೀತೆ? ಕಾರವಾರದಲ್ಲಿ ಇನ್ನೂ ಬಳಸದೆ ಇಟ್ಟ ಚೀಲವನ್ನು ಕಂಡು ಅದನ್ನೇ ಎಳೆದುಕೊಳ್ಳುತ್ತದೆ. ಕಾರವಾರ ಮತ್ತೆ ಹುಬ್ಬಳ್ಳಿಯನ್ನು ಕೇಳುತ್ತದೆ. ಆಪರೇಷನ್ ಹೊತ್ತಿಗೆ ರಕ್ತ ಆಕಾಶದಲ್ಲಿರುತ್ತದೆ.

ನಿಯಮ ಬರೆದವರೇನೂ ಕೆಟ್ಟವರಲ್ಲ. ಅಕ್ಕಿ ಡಬ್ಬವನ್ನು ಪೂರ್ತಿ ಬರಿದು ಮಾಡಬಾರದು, ಒಂದು ಹಿಡಿಯಾದರೂ ಉಳಿಸಬೇಕು ಎಂದು ಮನೆಗಳಲ್ಲಿ ಹೇಳುತ್ತಾರಲ್ಲ, ಅದನ್ನೇ ರಕ್ತಕ್ಕೂ ಅನ್ವಯಿಸಿದ್ದರು. ಒಂದು ಮನೆಗೆ ಅದು ಒಳ್ಳೆಯ ಮಾತು. ಇಲ್ಲಿ ಮೂರು ಮನೆಗಳಿಗೆ ಇದ್ದದ್ದು ಎರಡೇ ಹಿಡಿ.

ಎಲ್ಲ ನಿಯಮಗಳನ್ನೂ ನಿಲ್ಲಿಸಿದರೆ ಉಳಿದ ರೋಗಿಗಳ ರಕ್ತವೂ ನಿಲ್ಲುತ್ತಿತ್ತು. ಒಂದೇ ಬ್ಯಾಂಕಿನ ನಿಯಮವನ್ನು ಮಲಗಿಸಬಹುದಿತ್ತು, ಆದರೆ ಅದರ ಮುಖ್ಯಸ್ಥರು ಒಪ್ಪಬೇಕು. ಯಮುನಾ ಹುಬ್ಬಳ್ಳಿಯ ಡಾ. ಈರಣ್ಣ ಬೆಟಗೇರಿಯವರಿಗೆ ಫೋನ್ ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರ ಬ್ಯಾಂಕು ಖಾಲಿ ಇರುವಾಗ ಅಂಥ ರೋಗಿ ಬಂದುಬಿಟ್ಟರೆ ಅಪವಾದವೆಲ್ಲ ಅವರ ತಲೆಗೇ. ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

“ನಾಳೆ ನಮ್ಮಲ್ಲಿ ಯಾರರ ಬರ್ತಾರೋ ಇಲ್ಲೋ, ಅದನ್ನ ಹೇಳ್ತಾಳೇನ್ರಿ ನಿಮ್ಮ ಅತ್ತಿ?”

“ಇಲ್ಲ ಸರ್. ನಿಯಮ ಏನು ಮಾಡ್ತದೆ ಅಂತ ಹೇಳ್ತದೆ. ಮನುಷ್ಯರದ್ದು ಅದಕ್ಕೆ ಗೊತ್ತಾಗೂದಿಲ್ಲ.”

“ಹಂಗಾರ ಕಣ್ಣ ಮುಂದಿರೋ ಜೀವ ಮೊದಲು. ನಮ್ಮ ಡಬ್ಬಿ ಖಾಲಿ ಇರ್ಲಿ ಬಿಡ್ರಿ. ಯಾರರ ಕೇಳಿದ್ರ ನಾ ಉತ್ತರ ಕೊಡ್ತೀನಿ.”

ಹುಬ್ಬಳ್ಳಿಯ ನಿಯಮ ಮಲಗಿತು. ಯಮುನಾ ಮತ್ತೊಮ್ಮೆ ಅತ್ತೆಯನ್ನು ಕೇಳಿದರು. ‘ನಿಲ್ಲುತ್ತದೆ’ ಎಂದು ಪರದೆಯ ಮೇಲೆ ಮೂಡಿತು. ಯಂತ್ರಕ್ಕಾಗಿ ಅವರು ಸಾಕಷ್ಟು ಹಾರ ಹಾಕಿಸಿಕೊಂಡಿದ್ದರು. ಆದರೆ ಅಂದು ಕಣ್ಣು ತುಂಬಿದ್ದು ಆ ಮುಖ ಕಾಣದ ಹಿರಿಯರನ್ನು ನೆನೆದು. ಫೋನ್ ಇಟ್ಟ ಮೇಲೆ ಹುಬ್ಬಳ್ಳಿಯ ದಿಕ್ಕಿಗೆ ಕೈ ಮುಗಿದರು.

ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ತಾಯಿಗೆ ರಕ್ತ ಬೇಕೇ ಆಯಿತು, ಮತ್ತು ಅದು ಪಕ್ಕದಲ್ಲೇ ಇತ್ತು. ಅದೃಷ್ಟಕ್ಕೆ ಹುಬ್ಬಳ್ಳಿಗೆ ಅಂಥ ರೋಗಿ ಯಾರೂ ಬರಲಿಲ್ಲ.

ಮಗು ಹಾಲು ಬಿಟ್ಟ ಮೇಲೆ ಮೋಹಿನಿ ಹುಬ್ಬಳ್ಳಿಯ ಬಸ್ಸು ಹತ್ತಿದಳು, ರಕ್ತ ಕೊಡಲು. ಅಷ್ಟು ದೂರ ಯಾಕೆ, ಇಲ್ಲೇ ಕೊಡಬಹುದಲ್ಲ ಎಂದು ಯಮುನಾ ಕೇಳಿದ್ದರು.

“ನಂಗಾಗಿ ಅವ್ರು ಖಾಲಿ ಕೂತ್ಕಂಡಿದ್ರು, ಅಲ್ದಾ ಅಮ್ಮ? ತುಂಬೂದು ನನ್ ಕೆಲ್ಸ.”

ಅಲ್ಲಿಂದ ಮುಂದೆ ಅತ್ತೆಗೆ ತೋರಿಸದೆ ಯಾವ ನಿಯಮವನ್ನೂ ಎಬ್ಬಿಸುತ್ತಿರಲಿಲ್ಲ. ಜೊತೆಗೆ, ಇಕ್ಕಟ್ಟು ಬಂದರೆ ಖಾಲಿ ಇರಲು ಒಪ್ಪುವವರು ಯಾರು ಎಂಬುದನ್ನೂ ಮೊದಲೇ ಬರೆದಿಡುವ ರೂಢಿ ಬಂತು.

ಆ ಯಂತ್ರ ಬರಲು ಇನ್ನೂ ಕಾಲವಿದೆ. ನಮ್ಮ ನಿಯಮಗಳು ಮಾತ್ರ ಈಗಾಗಲೇ ಒಂದನ್ನೊಂದು ಎಬ್ಬಿಸುತ್ತಿವೆ. ಆದರೂ ನಮ್ಮ ಪಾಲಿನದು ಹೇಗೋ ನಮಗೆ ತಲುಪುತ್ತಿದೆಯಲ್ಲ, ಎಲ್ಲೋ ಯಾರೋ ‘ನಮ್ಮದು ಖಾಲಿ ಇರಲಿ ಬಿಡಿ’ ಎಂದಿರಬೇಕು. ಅವರ ಹೆಸರನ್ನು ನಾವಿನ್ನೂ ಕೇಳಿಲ್ಲ.